ಒಂದು ಸ್ವರ ಗುಡುಗುತ್ತೆ, ಇನ್ನೊಂದು ಮಾಯ: ನಮ್ಮ ಹಾಲ್‌ನಲ್ಲಿ ಸಬ್‌ವೂಫರ್ ಎಲ್ಲಿಡಲಿ?

ವಿದ್ಯಾನಗರ_ಹಾಸನ
ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಹಾಸನದ ವಿದ್ಯಾನಗರದಲ್ಲಿ ನಮ್ಮ ಮನೆ, ಆರ್‌ಸಿಸಿ ತಾರಸಿ, ಇಟ್ಟಿಗೆ ಗೋಡೆ, ಮೇಲಿನ ಮಹಡಿಯಲ್ಲಿ ಬಾಡಿಗೆದಾರರು. ಹಾಲ್ 18 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಬಲಗಡೆ ಊಟದ ಕೋಣೆಗೆ ಸುಮಾರು ಐದು ಅಡಿಯ ಬಾಗಿಲಿಲ್ಲದ ದಾರಿ ಇದೆ. 12 ಅಡಿ ಗೋಡೆಗೆ ಟಿವಿ, ಅದರ ಎದುರು ಗೋಡೆಗೆ ಒರಗಿಸಿ ಮೂರು ಜನ ಕೂರೋ ಸೋಫಾ. ಐದು ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಮೊದಲೇ ಇತ್ತು. ಎರಡು ವರ್ಷ ದುಡ್ಡು ಕೂಡಿಟ್ಟು ಹೋದ ತಿಂಗಳು ಎವಿ ರಿಸೀವರ್ (ಟಿವಿ, ಸ್ಪೀಕರ್ ಎಲ್ಲಾ ಜೋಡಿಸುವ ಆಂಪ್ಲಿಫೈಯರ್) ಮತ್ತು ಕೆಳಗಿನ ಸದ್ದಿಗೇ ಅಂತ ಇರುವ 10 ಇಂಚಿನ ಪೋರ್ಟೆಡ್ ಸಬ್‌ವೂಫರ್, ಅಂದರೆ ಸಬ್, ತಂದೆ.

ಜೋಡಿಸಲು ಬಂದವರು ಸಬ್ಬನ್ನು ಟಿವಿ ಪಕ್ಕದ ಎಡಮೂಲೆಗೆ ತಳ್ಳಿ, ಗೇನ್ (ಸಬ್‌ನ ಸದ್ದಿನ ಮಟ್ಟದ ಗುಂಡಿ) ಮುಕ್ಕಾಲು ತಿರುಗಿಸಿ, ಹತ್ತು ನಿಮಿಷದಲ್ಲಿ ಹೊರಟುಹೋದರು. ಆವತ್ತಿನಿಂದ ಸಮಾಧಾನ ಇಲ್ಲ. ಹಾಡಿನಲ್ಲಿ ಬೇಸ್ ಗಿಟಾರ್ ಮೆಟ್ಟಿಲಿಳಿದ ಹಾಗೆ ಒಂದೊಂದೇ ಸ್ವರ ಇಳಿಯುತ್ತಲ್ಲ, ಅದರಲ್ಲಿ ಒಂದು ಸ್ವರಕ್ಕೆ ಷೋಕೇಸಿನ ಗಾಜು ಗಡಗಡ ಅನ್ನುತ್ತೆ. ಇನ್ನೂ ಕೆಳಗಿನ ಒಂದು ಸ್ವರ ಬಂದರೆ ಅಲ್ಲಿ ಏನೂ ಇಲ್ಲ, ಮೆಟ್ಟಿಲೇ ಮುರಿದಂತೆ. ನಾನು ಸೋಫಾದ ನಡುವೆ ಕೂರ್ತೀನಿ, ನನಗೆ ಸಾಲದು. ಹೆಂಡತಿ ತುದಿಯಲ್ಲಿ ಕೂರ್ತಾಳೆ, ಅವಳಿಗೆ ಜಾಸ್ತಿ. ಹಾಲ್ ಮಧ್ಯೆ ಕುರ್ಚಿ ಹಾಕ್ಕೊಂಡು ಹೂ ಕಟ್ಟುವ ಅಮ್ಮನಿಗೆ ಬರೀ ಗುಂಯ್ ಅನ್ನೋ ಸದ್ದು, ತಲೆನೋವು ಅಂತಾರೆ. ಮೂವರೂ ಸುಳ್ಳು ಹೇಳ್ತಿಲ್ಲ ಅನ್ನೋದು ಗೊತ್ತು, ಆದರೆ ಕಾರಣ ತಿಳಿಯುತ್ತಿಲ್ಲ.

ಇದನ್ನು ವಾಪಸ್ ಕೊಟ್ಟು 12 ಇಂಚಿನದು ತಗೊಳ್ಳಲಾ?


ಮಂದ್ರಸ್ಥಾಯಿ (ಚಿಕ್ಕಮಗಳೂರು)
ಶನಿವಾರ ರಾತ್ರಿ 10:25

ದಯವಿಟ್ಟು ಏನನ್ನೂ ವಾಪಸ್ ಕೊಡಬೇಡಿ, ಏನನ್ನೂ ಕೊಳ್ಳಬೇಡಿ. ನೀವು ಕೇಳುತ್ತಿರೋದು ಪೆಟ್ಟಿಗೆಯ ಸದ್ದಲ್ಲ, ನಿಮ್ಮ ಹಾಲ್‌ನ ಸದ್ದು. 12 ಇಂಚು ತಂದರೆ ಅದೇ ತೊಂದರೆ ಇನ್ನೂ ಜೋರಾಗಿ ಕೇಳಿಸುತ್ತೆ.

ಹಳೇ ಬಚ್ಚಲುಮನೆಯಲ್ಲಿ ಹಂಡೆ ಪಕ್ಕ ನಿಂತು ಗುನುಗಿದ್ದೀರಾ? ಯಾವುದೋ ಒಂದು ಸ್ವರಕ್ಕೆ ಬಂದಾಗ ಇಡೀ ಬಚ್ಚಲೇ ನಿಮ್ಮ ಜೊತೆ ಹಾಡುತ್ತೆ. ಹಾಲ್‌ನಲ್ಲೂ ಅದೇ ಆಗ್ತಿರೋದು, ಕೋಣೆ ದೊಡ್ಡದಾದ್ದರಿಂದ ಆ ಸ್ವರ ಇನ್ನೂ ಕೆಳಗಿರುತ್ತೆ, ಅಷ್ಟೆ. ಎದುರುಬದುರು ಗೋಡೆಗಳ ನಡುವೆ ಅಲೆ ಹೋಗಿ ಬಂದು, ತನ್ನ ಮೇಲೆ ತಾನೇ ಕೂತು ನಿಂತುಬಿಡುತ್ತೆ. ಇದನ್ನೇ ಕೋಣೆಯ ಅನುರಣನ ಅನ್ನೋದು. ಲೆಕ್ಕ ಸುಲಭ: ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನು ಕೋಣೆಯ ಅಳತೆಯ ಎರಡರಷ್ಟರಿಂದ ಭಾಗಿಸಿ. 18 ಅಡಿ ಅಂದರೆ 5.49 ಮೀಟರ್, ಸುಮಾರು 31 ಹರ್ಟ್ಜ್ ಬರುತ್ತೆ. 12 ಅಡಿಗೆ 47. ಹತ್ತು ಅಡಿ ಎತ್ತರಕ್ಕೆ 56. ಉದ್ದದ ಎರಡನೇ ಅನುರಣನ 31ರ ಎರಡರಷ್ಟು, 62 ಹರ್ಟ್ಜ್ ಹತ್ತಿರ.

ಈಗ ನಿಮ್ಮ ಬೇಸ್ ಗಿಟಾರ್ ನೋಡಿ. ಅದರ ಬಿ ಸ್ವರ 61.7 ಹರ್ಟ್ಜ್. ಷೋಕೇಸ್ ಅಲ್ಲಾಡಿಸ್ತಿರೋದು ಬಹುಶಃ ಅದೇ. ಅದಕ್ಕೂ ಕೆಳಗಿನ ಎಫ್ ಶಾರ್ಪ್ 46.2 ಹರ್ಟ್ಜ್, ನಿಮ್ಮ ಅಗಲದ ಅನುರಣನಕ್ಕೆ ಅಂಟಿಕೊಂಡಂತಿದೆ. ಅಗಲದ ಮೊದಲ ಅನುರಣನಕ್ಕೆ ಎರಡೂ ಗೋಡೆಗಳ ಬುಡದಲ್ಲಿ ಒತ್ತಡ ಗರಿಷ್ಠ, ಸರಿಯಾಗಿ ನಡುವೆ ಸೊನ್ನೆ. ನೀವು ಕೂತಿರೋದು ಆ ಸೊನ್ನೆಯಲ್ಲಿ, ನಿಮ್ಮವರು ಕೂತಿರೋದು ಗೋಡೆಯ ಕಡೆ. ತಾಯಿಯವರು ಉದ್ದದ ನಡುವೆ ಕೂತಿದ್ದಾರೆ. ಅಲ್ಲಿ 31 ಇಲ್ಲ, 62 ಪೂರ್ತಿ ಇದೆ. ಅದೇ ಆ ಗುಂಯ್.

ಮೂವರದ್ದೂ ನಿಜ.


ವಿದ್ಯಾನಗರ_ಹಾಸನ
ಶನಿವಾರ ರಾತ್ರಿ 10:52

ಇದನ್ನು ಓದಿ ಅಮ್ಮನಿಗೂ ತೋರಿಸಿದೆ. ಒಂದು ತಿಂಗಳಿಂದ ಅವರಿಗೆ ವಯಸ್ಸಾಗಿದೆ ಅದಕ್ಕೇ ಹೀಗೆ ಅಂದುಕೊಂಡಿದ್ದೆ, ಅದಕ್ಕೆ ಬೇಜಾರಾಯ್ತು. ಹಾಗಾದರೆ ಎಲ್ಲಿಡಲಿ?


ತಿಪಟೂರು_ರಸ್ತೆ (ಅರಸೀಕೆರೆ)
ಶನಿವಾರ ರಾತ್ರಿ 11:10

ಮೂಲೆ ತಪ್ಪು ಅಂತ ಎಲ್ಲರೂ ಹೇಳ್ತಾರೆ. ನಾನು ಒಪ್ಪಲ್ಲ. ಮೂಲೆಯಲ್ಲಿಟ್ಟರೆ ನೆಲ, ಎರಡು ಗೋಡೆ ಮೂರೂ ಸೇರಿ ಸದ್ದನ್ನು ಹೆಚ್ಚಿಸ್ತವೆ, ಚಿಕ್ಕ ಸಬ್‌ಗೆ ಅದು ಪುಕ್ಕಟೆ ಬಲ. ಆಂಪ್ಲಿಫೈಯರ್ ದಣಿಯಲ್ಲ, ಕೋನ್ ಕಡಿಮೆ ಓಡಾಡುತ್ತೆ, ವಿಕೃತಿಯೂ ಕಡಿಮೆ. ಗೇನ್ ಇಳಿಸಿ, ಈಕ್ವಲೈಸರ್‌ನಲ್ಲಿ (ಬೇರೆಬೇರೆ ಹರ್ಟ್ಜ್‌ನ ಸದ್ದನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸೌಲಭ್ಯ) ಉಬ್ಬನ್ನು, ಅಂದರೆ ಗುಡುಗುವ ಸ್ವರವನ್ನು, ಕತ್ತರಿಸಿದರೆ ಮೂಲೆಯೇ ಒಳ್ಳೇ ಜಾಗ. ನನ್ನ ಮನೆಯಲ್ಲಿ ಎಂಟು ವರ್ಷದಿಂದ ಅಲ್ಲೇ ಇದೆ.


ಮಂದ್ರಸ್ಥಾಯಿ (ಚಿಕ್ಕಮಗಳೂರು)
ಭಾನುವಾರ ಬೆಳಿಗ್ಗೆ 7:15

ನಿಮ್ಮ ಮಾತಿನಲ್ಲಿ ಸತ್ಯ ಇದೆ. ಮೂಲೆ ಎಲ್ಲಾ ಅನುರಣನಗಳನ್ನೂ ಪೂರ್ತಿ ಎಬ್ಬಿಸುತ್ತೆ. ಉಬ್ಬು ಮಾತ್ರ ಇದ್ದರೆ ಕತ್ತರಿಸಿ ನೆಮ್ಮದಿಯಾಗಿರಬಹುದು. ತೊಂದರೆ ಕುಳಿಯದ್ದು, ಅಂದರೆ ಮಾಯವಾಗುವ ಸ್ವರದ್ದು. ಕುಳಿಯನ್ನು ಈಕ್ವಲೈಸರ್‌ನಲ್ಲಿ ಎತ್ತಲು ಹೋದರೆ, 6 ಡೆಸಿಬೆಲ್‌ಗೆ ನಾಲ್ಕು ಪಟ್ಟು, 10 ಡೆಸಿಬೆಲ್‌ಗೆ ಹತ್ತು ಪಟ್ಟು ವಿದ್ಯುತ್ ಬೇಕು. ಅಷ್ಟು ಸುರಿದರೂ ಎದುರು ಗೋಡೆಯಿಂದ ವಾಪಸ್ ಬರುವ ಅಲೆಯೂ ಅಷ್ಟೇ ದೊಡ್ಡದಾಗಿ ಅದನ್ನು ಅಳಿಸುತ್ತೆ. ತೂತು ಬಿಂದಿಗೆಗೆ ನೀರು ಸೇದಿದ ಹಾಗೆ. ಅದಕ್ಕೇ ನಾನು ಮೊದಲು ಜಾಗ, ಆಮೇಲೆ ಸೀಟು, ಕೊನೆಗೆ ಈಕ್ವಲೈಸರ್ ಅನ್ನೋದು.

ವಿದ್ಯಾನಗರದವರೇ, ಇವತ್ತು ರಜಾ ಅಲ್ವಾ, ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಸಬ್ಬನ್ನು ಎತ್ತಿ ಸೋಫಾದಲ್ಲಿ ನೀವು ಕೂರುವ ಜಾಗದಲ್ಲೇ ಇಡಿ. ಉದ್ದನೆಯ ಕೇಬಲ್ ಬೇಕಾಗುತ್ತೆ, ಒಬ್ಬರೇ ಎತ್ತಬೇಡಿ. ಸ್ಪೀಕರ್ ಜೋಡಿ ಬಂದ್ ಮಾಡಿ, ಬೇಸ್ ಗಿಟಾರ್ ಮೇಲೆ ಕೆಳಗೆ ಓಡಾಡುವ ಒಂದು ಹಾಡನ್ನು ಮತ್ತೆ ಮತ್ತೆ ಹಾಕಿ. ಈಗ ನೀವು ಮಂಡಿಯೂರಿ, ಸಬ್ ಇಡಬಹುದಾದ ಒಂದೊಂದು ಜಾಗದಲ್ಲೂ ಕಿವಿಯನ್ನು ನೆಲದ ಹತ್ತಿರ ತಂದು ಕೇಳಿ. ಸದ್ದು ಹೊರಡುವ ಜಾಗ, ಕೇಳುವ ಜಾಗ ಅದಲು ಬದಲಾದರೂ ಫಲ ಒಂದೇ. ಎಲ್ಲಿ ಮೆಟ್ಟಿಲೆಲ್ಲಾ ಸಮ ಅನ್ನಿಸುತ್ತೋ ಅಲ್ಲಿ ಸಬ್ ಇಟ್ಟರೆ ನಿಮ್ಮ ಸೀಟಿನಲ್ಲಿ ಅದೇ ಸಮತೆ ಸಿಗುತ್ತೆ. ಜೋರು ಕೇಳಿಸುವ ಜಾಗಕ್ಕೆ ಮರುಳಾಗಬೇಡಿ. ಪ್ರತಿ ಸ್ವರವೂ ಬೇರೆಬೇರೆಯಾಗಿ ಕೇಳುವ ಜಾಗ ಹುಡುಕಿ.

ಎಡಗೋಡೆಯ ಮೇಲೆ ಟಿವಿ ಗೋಡೆಯಿಂದ ನಾಲ್ಕೂವರೆ ಅಡಿ ಆಸುಪಾಸಿನಲ್ಲಿ ಬಿಡದೇ ಕೇಳಿ. ಉದ್ದದ ಕಾಲು ಭಾಗ ಅದು. ಅಲ್ಲಿ ಇಟ್ಟ ಸಬ್ 62 ಹರ್ಟ್ಜ್ ಅನುರಣನವನ್ನು ಎಬ್ಬಿಸಲಾರದು.

ಸೋಫಾವನ್ನು ಗೋಡೆಯಿಂದ ಮೂರು ಅಡಿ ಮುಂದೆ ತರಲು ಸಾಧ್ಯವಾ? ಅಷ್ಟಕ್ಕೇ 62ರ ಉಬ್ಬು ಅರ್ಧಕ್ಕಿಳಿಯುತ್ತೆ, ಅಂದರೆ 6 ಡೆಸಿಬೆಲ್. 31 ಮಾತ್ರ ಒಂದು ಡೆಸಿಬೆಲ್ ಚಿಲ್ಲರೆ ಕಡಿಮೆಯಾಗುತ್ತೆ. ಒಂದು ರೂಪಾಯಿ ಖರ್ಚಿಲ್ಲದ ಇಂಥ ಲಾಭ ಬೇರೆ ಎಲ್ಲೂ ಸಿಗಲ್ಲ.


ತೊಪ್ಪಿ_ಚಾಪು (ಅರಕಲಗೂಡು)
ಭಾನುವಾರ ಬೆಳಿಗ್ಗೆ 8:30

ನಾನು ಮೃದಂಗ ನುಡಿಸುವವನು, ತಾಂತ್ರಿಕ ಭಾಷೆ ಅಷ್ಟಾಗಿ ಗೊತ್ತಿಲ್ಲ. ಸಂಗೀತಗಾರರ ಊರು ರುದ್ರಪಟ್ಟಣ ನಮ್ಮ ತಾಲೂಕಿನಲ್ಲೇ ಇರೋದರಿಂದ ಸಂಗೀತ ಕಚೇರಿ ಕೇಳಿಕೊಂಡೇ ಬೆಳೆದವರು ನಾವು. ಒಂದು ಸಲಹೆ: ಸಿನಿಮಾದ ಬಾಂಬ್ ಸದ್ದು ಹಾಕಿ ಸಬ್ ಹೊಂದಿಸಬೇಡಿ. ಬಾಂಬ್ ಹೇಗಿರಬೇಕು ಅಂತ ನಮ್ಮ ಕಿವಿಗೆ ನೆನಪೇ ಇಲ್ಲ. ಮೃದಂಗದ ಎಡಗಡೆ ಹೇಗಿರುತ್ತೆ ಅಂತ ನೆನಪಿದೆ.

ತೊಪ್ಪಿಗೆ, ಅಂದರೆ ಆ ಎಡಗಡೆಯ ಮುಖಕ್ಕೆ, ನಾವು ರವೆ ಕಲಸಿ ಹಚ್ಚುತ್ತೇವೆ. ತೂಕ ಸೇರಿ ನಾದ ಕೆಳಗಿಳಿಯುತ್ತೆ. ಕಡಿಮೆ ಹಚ್ಚಿದರೆ ಬರೀ ಚರ್ಮದ ಸದ್ದು, ಜಾಸ್ತಿಯಾದರೆ ಮಂಕು, ಬೆರಳು ಎತ್ತಿದರೂ ನಾದ ಏಳಲ್ಲ. ಚೂರು ಚೂರು ತೆಗೆದು ಹಚ್ಚಿ ಕೇಳ್ತಾ ಹೋಗಬೇಕು. ಸಬ್ ಗೇನ್ ತಿರುಗಿಸುವಾಗ ನಾನು ಅದೇ ರೀತಿ ಮಾಡ್ತೀನಿ. ತನಿ ಆವರ್ತನದ (ಕಚೇರಿಯಲ್ಲಿ ಲಯವಾದ್ಯ ಮಾತ್ರ ನುಡಿಸುವ ಭಾಗ) ಧ್ವನಿಮುದ್ರಣ ಹಾಕಿ, ತೊಪ್ಪಿಯ ಗುಂಕಾರ ಶುರುವಾಗಿ ಮುಗಿಯೋದು ಎರಡೂ ಕೇಳಬೇಕು. ಮುಂದಿನ ಪೆಟ್ಟು ಬಿದ್ದಾಗಲೂ ಹಿಂದಿನ ಗುಂಕಾರ ಕೋಣೆಯಲ್ಲಿ ನೇತಾಡ್ತಿದ್ದರೆ ಜಾಗ ಸರಿ ಇಲ್ಲ ಅಂತ ತಿಳೀತೀನಿ.


ಮಂದ್ರಸ್ಥಾಯಿ (ಚಿಕ್ಕಮಗಳೂರು)
ಭಾನುವಾರ ಬೆಳಿಗ್ಗೆ 8:48

ಇದು ಎಷ್ಟು ಚೆನ್ನಾಗಿದೆ! ನೀವು ಹೇಳಿದ ನೇತಾಡುವ ಗುಂಕಾರವನ್ನು ಅಳತೆಯಲ್ಲೂ ನೋಡಬಹುದು. ಅನುರಣನ ಇರುವ ಕಡೆ ಸದ್ದು ಜೋರಾಗಿರೋದಷ್ಟೇ ಅಲ್ಲ, ತಡವಾಗಿ ಆರುತ್ತೆ. ಉಬ್ಬು ತಗ್ಗಿಸಿದರೆ ಆರುವ ಸಮಯವೂ ತಗ್ಗುತ್ತೆ.


ಮೂಡಿಗೆರೆ_ತೋಟ
ಭಾನುವಾರ ಮಧ್ಯಾಹ್ನ 12:20

ನಮ್ಮ ಕಡೆ ಕಥೆ ಪೂರ್ತಿ ಬೇರೆ ಮಾರಾಯ್ರೆ. ನಮ್ಮದು ಹೆಂಚಿನ ಮನೆ, ಮೇಲೆ ಮರದ ಅಟ್ಟ, ಮಣ್ಣಿನ ಗೋಡೆ, ಹಳೇ ಬಾಗಿಲಲ್ಲಿ ಬೆರಳು ತೂರುವಷ್ಟು ಸಂದು. ಇಲ್ಲಿ ಬೇಸ್ ಗುಡುಗೋದೇ ಇಲ್ಲ, ಅಟ್ಟದಿಂದ, ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತೆ. ಕಣದಲ್ಲಿ ಕಾಫಿ ಹರವುವವರಿಗೆ ಒಳಗಿನವರಿಗಿಂತ ಚೆನ್ನಾಗಿ ಕೇಳಿಸುತ್ತೆ. ಸಮತೆ ತಾನಾಗೇ ಬಂತು, ಆದರೆ ಬಲ ಸಾಲದೆ ನಾನು ಮೂಲೆಗೇ ಇಟ್ಟಿದ್ದೀನಿ, ಅರಸೀಕೆರೆಯವರು ಹೇಳಿದ ಹಾಗೆ. ನಮ್ಮಲ್ಲಿ ಕಾಟ ಅಂದ್ರೆ ಅಲುಗಾಟ. ಹಿತ್ತಾಳೆ ಪಾತ್ರೆ, ಫೋಟೋ ಚೌಕಟ್ಟು, ಅಟ್ಟದ ಒಂದು ಹಲಗೆ. 20ರಿಂದ 120 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸದ್ದು ಸಣ್ಣ ದನಿಯಲ್ಲಿ ಹಾಕಿ, ಮನೆಯೆಲ್ಲಾ ಓಡಾಡಿ, ಅಲ್ಲಾಡುವ ಪ್ರತಿಯೊಂದಕ್ಕೂ ಬಟ್ಟೆ ಚೂರು ಸಿಕ್ಕಿಸಿದೆ. ಅರ್ಧ ಗೊಂದಲ ಅಲ್ಲೇ ಮುಗೀತು.

ಇನ್ನೆರಡು ವಿಷಯ, ಮಲೆನಾಡಿನವರು ಗಮನ ಕೊಡಿ.

ಮೊದಲನೇದು ತೇವ. ನನ್ನ ಮೊದಲ ಸಬ್‌ನ ಕೋನ್ ಸುತ್ತ ಫೋಮ್ ಅಂಚು ಇತ್ತು. ಕೆಲವು ಮಳೆಗಾಲದಲ್ಲೇ ಅದು ಮುಟ್ಟಿದರೆ ಉದುರುವ ಹಾಗಾಯ್ತು. ಈಗಿನದು ರಬ್ಬರ್ ಅಂಚು, ಏನೂ ಆಗಿಲ್ಲ. ಕೊಳ್ಳುವಾಗ ಬೆರಳಲ್ಲಿ ಮುಟ್ಟಿ ನೋಡಿ. ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿಲ್ಲದಾಗ ದಿನಾ ಅರ್ಧ ಗಂಟೆ ಓಡಿಸಿ, ಒಳಗಿನ ಆಂಪ್ಲಿಫೈಯರ್ ಬೆಚ್ಚಗಾಗಲಿ. ಗೋಡೆಯಿಂದ ಒಂದು ಗೇಣು ದೂರ ಇಡಿ, ಇಲ್ಲದಿದ್ದರೆ ಹಿಂದೆ ಬೂಷ್ಟು ಹಿಡಿಯುತ್ತೆ.

ಎರಡನೇದು ಸಿಡಿಲು. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತುಬಿಡಿ, ಸ್ವಿಚ್ ಆರಿಸಿದರೆ ಸಾಲದು. ಡಿಶ್ ತಂತಿಯನ್ನೂ ತೆಗೀರಿ. ಒಂದು ರಿಸೀವರ್ ಕಳಕೊಂಡ ಮೇಲೆ ಈ ಮಾತು ಹೇಳ್ತಿದ್ದೀನಿ.


ಐಜಿ_ರಸ್ತೆ (ಚಿಕ್ಕಮಗಳೂರು)
ಭಾನುವಾರ ಮಧ್ಯಾಹ್ನ 1:05

ಒಂದು ಸಣ್ಣ ಪ್ರಶ್ನೆ. ನಮ್ಮೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರ. ಇಲ್ಲಿ ಗಾಳಿ ತೆಳು, ಹಾಗಾದರೆ ಲೆಕ್ಕ ಬದಲಾಗುತ್ತಾ?


ಮಂದ್ರಸ್ಥಾಯಿ (ಚಿಕ್ಕಮಗಳೂರು)
ಭಾನುವಾರ ಮಧ್ಯಾಹ್ನ 1:30

ಇಲ್ಲ. ಶಬ್ದದ ವೇಗಕ್ಕೆ ಎತ್ತರ ಮುಖ್ಯವಲ್ಲ, ಉಷ್ಣತೆ ಮುಖ್ಯ. ಒಂದು ಡಿಗ್ರಿಗೆ ಸೆಕೆಂಡಿಗೆ 0.6 ಮೀಟರ್ ವ್ಯತ್ಯಾಸ. 343 ಅನ್ನೋದು 20 ಡಿಗ್ರಿಯ ಲೆಕ್ಕ. ಡಿಸೆಂಬರ್ ರಾತ್ರಿಗೂ ಮಾರ್ಚ್ ಮಧ್ಯಾಹ್ನಕ್ಕೂ ಹೋಲಿಸಿದರೆ 62 ಹರ್ಟ್ಜ್ ಒಂದೂವರೆ ಹರ್ಟ್ಜ್‌ನಷ್ಟು ಸರಿಯಬಹುದು. ಅದಕ್ಕಿಂತ ಆ ಐದು ಅಡಿಯ ದಾರಿ ದೊಡ್ಡ ವಿಷಯ: ಊಟದ ಕೋಣೆ ಸೇರಿಕೊಂಡಿರೋದರಿಂದ ಹಾಸನದವರ ಅಗಲದ ಲೆಕ್ಕ ಪುಸ್ತಕದ ಹಾಗೆ ಬರಲ್ಲ. ದಿಕ್ಕು ತೋರಿಸೋಕೆ ಲೆಕ್ಕ, ತೀರ್ಮಾನಕ್ಕೆ ಕಿವಿ ಮತ್ತು ಅಳತೆ.

ಅಳತೆಗೆ ಯುಎಸ್‌ಬಿ ಮಾಪನ ಮೈಕ್ ಒಳ್ಳೇದು, ಜೊತೆಗೆ ರೂಮ್ ಈಕ್ಯೂ ವಿಝರ್ಡ್ ತಂತ್ರಾಂಶ ಉಚಿತವಾಗಿ ಸಿಗುತ್ತೆ. ನನ್ನ ಹತ್ತಿರ ಮೈಕ್ ಇದೆ. ಬೇಲೂರು ಕಡೆಯಿಂದ ಹಾಸನಕ್ಕೆ ಬರೋದು ಇದ್ದೇ ಇರುತ್ತೆ, ಬೇಕಾದರೆ ತಂದುಕೊಡ್ತೀನಿ. ಫೋನ್ ಆ್ಯಪ್ ನಂಬಬೇಡಿ. ಫೋನಿನ ಮೈಕ್ ಮಾತಿಗಾಗಿ ಮಾಡಿದ್ದು, ಕೆಳಗಿನ ಸದ್ದನ್ನು ಸರಿಯಾಗಿ ಹಿಡಿಯಲ್ಲ.


ವಿದ್ಯಾನಗರ_ಹಾಸನ
ಭಾನುವಾರ ಸಂಜೆ 6:40

ಮಾಡಿದೆ. ಬರೆಯಲೇಬೇಕು ಅನ್ನಿಸ್ತು, ಕೈ ಇನ್ನೂ ನೋಯ್ತಿದೆ.

ತಮ್ಮನನ್ನು ಕರೆದು ಇಬ್ಬರೂ ಸಬ್ಬನ್ನು ಸೋಫಾ ಮೇಲೆ ಇಟ್ಟೆವು. ಮಗಳೂ ನನ್ನ ಜೊತೆ ಮಂಡಿಯೂರಿ ಹೊರಟಳು, ಎಂಟು ವರ್ಷ ಅವಳಿಗೆ. ಟಿವಿ ಮೂಲೆಯಲ್ಲಿ ನಿಜವಾಗಲೂ ಭಯಂಕರ. ಎರಡು ಹೆಜ್ಜೆ ಈಚೆ ಬಂದರೆ ಸದ್ದು ಬೇರೆಯೇ. ಟಿವಿ ಗೋಡೆಯ ನಡುವೆ ಚೆನ್ನಾಗಿತ್ತು, ಆದರೆ ಅಲ್ಲಿ ಟಿವಿಯ ಮೇಜು ಇದೆ. ಬಲಗಡೆ ದಾರಿಯ ಪಕ್ಕ ಏನೂ ಕೇಳದು. ಎಡಗೋಡೆಯಲ್ಲಿ ನಾಲ್ಕರಿಂದ ಐದು ಅಡಿ ನಡುವೆ ಬಂದಾಗ ಮಗಳೇ ಮೊದಲು ಹೇಳಿದಳು, "ಅಪ್ಪಾ, ಇಲ್ಲಿ ಎಲ್ಲಾ ಕೇಳುತ್ತೆ" ಅಂತ. ನಾನು ಕಿವಿ ಇಟ್ಟೆ. ಮೆಟ್ಟಿಲು ಮೆಟ್ಟಿಲಾಗಿ ಕೇಳಿಸ್ತು.

ಆ ಜಾಗದಲ್ಲಿ ಷೋಕೇಸ್ ಇತ್ತು. ಅದನ್ನು ಖಾಲಿ ಮಾಡಿ ಎರಡು ಅಡಿ ಸರಿಸಿದೆವು. ಸೋಫಾ ಮೂರಲ್ಲ, ಎರಡೂವರೆ ಅಡಿ ಮುಂದೆ ಬಂತು. ಹಿಂದೆ ಜಾಗ ಆಯ್ತಲ್ಲ, ಅಮ್ಮ ಅಲ್ಲಿ ತುಳಸಿಮಾಲೆ ಬುಟ್ಟಿ ಇಟ್ಟುಕೊಂಡರು.

ಗುಡುಗು ಹೋಗಿದೆ. ಆದರೆ ನಡು ಸೀಟಿನಲ್ಲಿ ಆ ಕೆಳಗಿನ ಸ್ವರ ಇನ್ನೂ ಸಣ್ಣಗೇ ಇದೆ. ಮತ್ತೆ ಈಗ ಇನ್ನೊಂದು ಕಾಟ: ಉದ್ದನೆಯ ಕೇಬಲ್ ಹಾಕಿದ ಮೇಲೆ ಹಾಡು ನಿಂತಾಗಲೂ ಸಣ್ಣಗೆ ಹೂಂ ಅಂತ ಇರುತ್ತೆ.


ತಿಪಟೂರು_ರಸ್ತೆ (ಅರಸೀಕೆರೆ)
ಭಾನುವಾರ ಸಂಜೆ 7:05

ಹೂಂ ಅನ್ನೋದು 50 ಹರ್ಟ್ಜ್‌ನದ್ದು, ನಮ್ಮ ಕರೆಂಟಿನದ್ದೇ. ಸಬ್ ಈಗ ಬೇರೆ ಸಾಕೆಟ್‌ನಲ್ಲಿದೆ ಅಲ್ವಾ? ಸಬ್, ರಿಸೀವರ್, ಸೆಟ್‌ಟಾಪ್ ಬಾಕ್ಸ್ ಮೂರನ್ನೂ ಒಂದೇ ಗೋಡೆ ಸಾಕೆಟ್‌ನಿಂದ ಬರುವ ಒಳ್ಳೇ ಎಕ್ಸ್‌ಟೆನ್ಷನ್‌ಗೆ ಹಾಕಿ. ಹೋಗದಿದ್ದರೆ ಕೇಬಲ್ ಟಿವಿ ತಂತಿ ಕಿತ್ತು ನೋಡಿ, ಬಹಳ ಸಲ ಅದೇ ದಾರಿಯಲ್ಲಿ ಬರುತ್ತೆ. ಯಾರೋ ಅರ್ತ್ ಪಿನ್ ಮುರಿದರೆ ಸರಿಹೋಗುತ್ತೆ ಅನ್ನಬಹುದು, ಜೀವಕ್ಕೇ ಅಪಾಯ, ಮುಟ್ಟಲೇಬೇಡಿ.


ಮಂದ್ರಸ್ಥಾಯಿ (ಚಿಕ್ಕಮಗಳೂರು)
ಭಾನುವಾರ ರಾತ್ರಿ 8:20

ಮಗಳ ಕಿವಿಗೆ ನನ್ನ ನಮಸ್ಕಾರ.

ನಡು ಸೀಟಿನ ಆ ಕುಳಿ ಒಂದೇ ಸಬ್ ಸರಿಸಿ ತುಂಬೋದು ಕಷ್ಟ. ನೀವು ಸೊನ್ನೆ ಗೆರೆಯ ಮೇಲೇ ಕೂತಿದ್ದೀರಿ. ಸೋಫಾವನ್ನು ಒಂದೂವರೆ ಅಡಿ ಪಕ್ಕಕ್ಕೆ ಸರಿಸಿದರೆ ಸ್ವಲ್ಪ ಮರಳಿ ಬರುತ್ತೆ. ಪೂರ್ತಿ ಪರಿಹಾರ ಅಂದರೆ ಮುಂದೆ ಯಾವತ್ತಾದರೂ ಅಂಥದ್ದೇ ಇನ್ನೊಂದು ಸಬ್ಬನ್ನು ಎದುರಿನ ಗೋಡೆಗೆ, ಸರಿಯಾಗಿ ಇದರ ಮುಖಾಮುಖಿ ಇಡೋದು. ಅಗಲದ ಮೊದಲ ಅನುರಣನದಲ್ಲಿ ಎರಡು ಗೋಡೆಯ ಒತ್ತಡ ಒಂದಕ್ಕೊಂದು ವಿರುದ್ಧ. ಎರಡು ಸಬ್ ಒಟ್ಟಿಗೆ ತಳ್ಳಿದರೆ ಅದು ಏಳೋದೇ ಇಲ್ಲ. ಆಗ ಉಬ್ಬೂ ಇಲ್ಲ, ಕುಳಿಯೂ ಇಲ್ಲ, ನಿಮ್ಮವರ ಸೀಟು ನಿಮ್ಮ ಸೀಟು ಎರಡೂ ಒಂದೇ ಆಗುತ್ತೆ. ಹರ್ಮನ್ ಕಂಪನಿಯ ಟಾಡ್ ವೆಲ್ಟಿ 2002ರಲ್ಲಿ ಎಷ್ಟು ಸಬ್ ಬೇಕು, ಎಲ್ಲಿಡಬೇಕು ಅಂತಲೇ ಲೆಕ್ಕ ಹಾಕಿ ತೋರಿಸಿದರು. ಎದುರುಬದುರು ಗೋಡೆಗಳ ನಡುಭಾಗದಲ್ಲಿ ಎರಡಿಟ್ಟರೂ ಸೀಟಿಂದ ಸೀಟಿಗೆ ವ್ಯತ್ಯಾಸ ತುಂಬಾ ಇಳಿಯುತ್ತೆ ಅಂತ ಕಂಡಿತು. ಹಾಗಾಗಿ ದುಡ್ಡು ಕೂಡಿದಾಗ 12 ಇಂಚಿನ ಒಂದಕ್ಕಿಂತ 10 ಇಂಚಿನ ಎರಡು ನನ್ನ ಆಯ್ಕೆ. ನಿಮ್ಮಲ್ಲಿ ಬಲಗಡೆ ದಾರಿ ಇರೋದರಿಂದ ಮೊದಲು ಯಾರದ್ದಾದರೂ ಸಬ್ ಎರವಲು ತಂದು ಪರೀಕ್ಷೆ ಮಾಡಿ.

ಈಗ ಇರುವ ಒಂದನ್ನು ಹೊಂದಿಸೋಣ. ರಿಸೀವರ್‌ನಲ್ಲಿ ಸ್ಪೀಕರ್‌ಗಳನ್ನು ಸ್ಮಾಲ್ ಅಂತ ಹಾಕಿ, ಕ್ರಾಸೋವರ್ (ಇದರ ಕೆಳಗಿನ ಸದ್ದೆಲ್ಲಾ ಸಬ್‌ಗೆ ಹೋಗುವ ಗಡಿ) 80 ಹರ್ಟ್ಜ್. ಐದು ಇಂಚಿನ ವೂಫರ್ ತಿಣುಕಿದರೆ 90 ಅಥವಾ 100 ಮಾಡಿ, ಅದಕ್ಕೂ ಮೇಲೆ ಹೋದರೆ ಸದ್ದು ಎಡಗೋಡೆಯಿಂದ ಬರ್ತಿದೆ ಅಂತ ಕಿವಿ ಪತ್ತೆಹಚ್ಚುತ್ತೆ. ಸಬ್ ಹಿಂದಿನ ಫಿಲ್ಟರ್ ಗುಂಡಿಯನ್ನು ಅತಿ ಹೆಚ್ಚು ಹರ್ಟ್ಜ್ ಇರುವ ತುದಿಗೆ ತಿರುಗಿಸಿಬಿಡಿ. ಇಲ್ಲದಿದ್ದರೆ ಒಂದರ ಮೇಲೊಂದು ಎರಡು ಫಿಲ್ಟರ್ ಕೂತು 70-80ರಲ್ಲಿ ಹಳ್ಳ ಬೀಳುತ್ತೆ. ಎಷ್ಟೋ ಮನೆಯಲ್ಲಿ ನಾನು ಕಂಡ ತಪ್ಪು ಇದು.

ಆಮೇಲೆ ಫೇಸ್, ಅಂದರೆ ಸಬ್ಬೂ ಸ್ಪೀಕರೂ ಒಟ್ಟಿಗೆ ತಳ್ಳುವಂತೆ ಹೊಂದಿಸುವ ಗುಂಡಿ. 80 ಹರ್ಟ್ಜ್ ಸದ್ದನ್ನು ಸ್ಪೀಕರ್, ಸಬ್ ಎರಡರಲ್ಲೂ ಸಣ್ಣಗೆ ಹಾಕಿ, ನೀವು ಸೀಟಿನಲ್ಲಿ ಕೂತು, ಇನ್ನೊಬ್ಬರ ಕೈಯಲ್ಲಿ ಗುಂಡಿಯನ್ನು 0ಯಿಂದ 180ಕ್ಕೆ ಬದಲಿಸಿ. ಎಲ್ಲಿ ಜೋರೋ ಅದೇ ಸರಿ, ಯಾಕೆಂದರೆ ಅಲ್ಲಿ ಎರಡೂ ಒಟ್ಟಿಗೆ ತಳ್ಳುತ್ತಿವೆ. ಒಂದೇ ಸ್ವರವನ್ನು ಜೋರಾಗಿ ಬಹಳ ಹೊತ್ತು ಹಾಕಬೇಡಿ, ಕಾಯಿಲ್ ಬಿಸಿಯಾಗಿ ಸುಡುತ್ತೆ.

ಇಷ್ಟೂ ಆದ ಮೇಲೆ ಮಾತ್ರ ರಿಸೀವರ್‌ನ ಸ್ವಯಂ ಹೊಂದಾಣಿಕೆ ಓಡಿಸಿ. ಅದು ಸಬ್‌ನ ದೂರವನ್ನು ನಿಜವಾದ ದೂರಕ್ಕಿಂತ ಜಾಸ್ತಿ ತೋರಿಸಿದರೆ ತಿದ್ದಬೇಡಿ. ಸಬ್ ಒಳಗಿನ ವಿದ್ಯುನ್ಮಂಡಲ ಮಾಡುವ ತಡವನ್ನು ಅದು ದೂರವಾಗಿ ಎಣಿಸಿದೆ. ಒಂದು ಮಿಲಿಸೆಕೆಂಡ್ ತಡ ಅಂದರೆ 34 ಸೆಂಟಿಮೀಟರ್.


ಕಾಂಕ್ರೀಟ್_ಕೆಲಸ (ಸಕಲೇಶಪುರ)
ಭಾನುವಾರ ರಾತ್ರಿ 9:15

ನಾನು ಮನೆ ಕಟ್ಟಿಸುವ ಕೆಲಸದಲ್ಲಿದ್ದೇನೆ. ಎಲ್ಲರೂ ಒಳಗಿನ ಸದ್ದಿನ ಬಗ್ಗೆ ಬರೆದಿದ್ದೀರಿ, ಮೇಲಿನ ಮಹಡಿಯ ಬಾಡಿಗೆದಾರರ ಬಗ್ಗೆ ಒಂದು ಮಾತು. ಸಬ್ ಕೆಳಗೆ ರಬ್ಬರ್ ಹಾಸಿದರೆ ಪೆಟ್ಟಿಗೆಯಿಂದ ನೆಲಕ್ಕೆ ಹೋಗುವ ಕಂಪನ ಕಡಿಮೆಯಾಗುತ್ತೆ, ಗಾಳಿಯಲ್ಲಿ ಹೋಗಿ ತಾರಸಿಯನ್ನು ಅಲುಗಿಸುವುದು ಕಡಿಮೆಯಾಗಲ್ಲ. ಮೊಟ್ಟೆ ತಟ್ಟೆ, ತೆಳು ಫೋಮ್ ಹಾಳೆ ಗೋಡೆಗೆ ಅಂಟಿಸೋದರಿಂದ ಬೇಸ್‌ಗೆ ಏನೂ ಆಗಲ್ಲ. 50 ಹರ್ಟ್ಜ್ ಅಲೆಯ ಉದ್ದವೇ ಸುಮಾರು ಏಳು ಮೀಟರ್, ಎರಡು ಇಂಚಿನ ಫೋಮ್ ಅದನ್ನು ಏನು ತಡೆದೀತು?

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಮಿತಿ ಇದೆ. ಅದು ಎ-ತೂಕದ ಅಳತೆ. ಆ ಅಳತೆ 63 ಹರ್ಟ್ಜ್ ಸದ್ದನ್ನು 26 ಡೆಸಿಬೆಲ್ ಕಡಿಮೆ ಲೆಕ್ಕ ಹಾಕುತ್ತೆ. ಮೀಟರ್ ಕಡಿಮೆ ತೋರಿಸಿದರೂ ಮೇಲಿನವರ ಮಗುವಿಗೆ ನಿದ್ದೆ ಬಾರದೆ ಇರಬಹುದು. ಒಮ್ಮೆ ಮೇಲೆ ಹತ್ತಿ ಹೋಗಿ ನೀವೇ ಕೇಳಿ ಬನ್ನಿ.


ತೊಪ್ಪಿ_ಚಾಪು (ಅರಕಲಗೂಡು)
ಭಾನುವಾರ ರಾತ್ರಿ 9:40

ಇದಕ್ಕೆ ಸೇರಿಸೋದಾದರೆ, ರಾತ್ರಿ ಸಣ್ಣ ದನಿಯಲ್ಲಿ ಕೇಳುವಾಗ ಬೇಸ್ ಮಾಯವಾದ ಹಾಗೆ ಅನ್ನಿಸುತ್ತೆ, ಹಾಗಂತ ಗೇನ್ ಏರಿಸಬೇಡಿ. ಒಟ್ಟು ದನಿ ಇಳಿದಂತೆಲ್ಲಾ ನಮ್ಮ ಕಿವಿ ಕೆಳಗಿನ ಸ್ವರಗಳನ್ನು ಬೇಗ ಬಿಟ್ಟುಕೊಡುತ್ತೆ. ಹಗಲಲ್ಲಿ, ದಿನಾ ಕೇಳುವ ದನಿಯಲ್ಲಿ ಹೊಂದಿಸಿ ಅಲ್ಲೇ ಬಿಡಿ.


ವಿದ್ಯಾನಗರ_ಹಾಸನ
ಮುಂದಿನ ಭಾನುವಾರ ಸಂಜೆ 5:30

ಒಂದು ವಾರ ಆಯ್ತು, ವರದಿ ಒಪ್ಪಿಸ್ತೀನಿ.

ಎಲ್ಲಾ ಒಂದೇ ಎಕ್ಸ್‌ಟೆನ್ಷನ್‌ಗೆ ಹಾಕಿದಾಗ ಹೂಂ ಅರ್ಧ ಹೋಯ್ತು, ಕೇಬಲ್ ಟಿವಿ ತಂತಿ ಕಿತ್ತಾಗ ಪೂರ್ತಿ ಹೋಯ್ತು. ಫೇಸ್ 180ರಲ್ಲಿ ಜೋರಿತ್ತು, ಅಲ್ಲೇ ಬಿಟ್ಟೆ. ಫಿಲ್ಟರ್ ಗುಂಡಿ ಜೋಡಿಸಿದವರು ನಡುವೆ ಇಟ್ಟು ಹೋಗಿದ್ದರು. ಅದನ್ನು ನೀವು ಹೇಳಿದ ತುದಿಗೆ ತಿರುಗಿಸಿದ ಮೇಲೆ ಗಂಡಸರ ದನಿಗೂ ಮೈ ಬಂತು. ಗೇನ್ ಈಗ ಮುಕ್ಕಾಲಲ್ಲ, ಅರ್ಧಕ್ಕೂ ಕಡಿಮೆ.

ಗುರುವಾರ ಮಂದ್ರಸ್ಥಾಯಿಯವರು ಮೈಕ್ ತಂದಿದ್ದರು. ಹಳೇ ಮೂಲೆಯಲ್ಲಿಟ್ಟು ಒಮ್ಮೆ, ಹೊಸ ಜಾಗದಲ್ಲಿಟ್ಟು ಒಮ್ಮೆ ಅಳೆದೆವು. ಮೂಲೆಯಲ್ಲಿ 61 ಹರ್ಟ್ಜ್ ಹತ್ತಿರ ಬೆಟ್ಟ, 45ರ ಹತ್ತಿರ ಪ್ರಪಾತ. ಹೊಸ ಜಾಗದಲ್ಲಿ ಬೆಟ್ಟ ದಿಬ್ಬವಾಗಿದೆ, ಅದಕ್ಕೆ ಈಕ್ವಲೈಸರ್‌ನಲ್ಲಿ 4 ಡೆಸಿಬೆಲ್ ಕತ್ತರಿಸಿದರು. ಪ್ರಪಾತ ಇದೆ, ಸೋಫಾ ಒಂದೂವರೆ ಅಡಿ ಎಡಕ್ಕೆ ಸರಿಸಿದ ಮೇಲೆ ಮೊದಲಿನಷ್ಟಿಲ್ಲ. ಈಗ ಟಿವಿ ಎದುರು ಸೋಫಾ ನೇರವಾಗಿಲ್ಲ, ಸ್ವಲ್ಪ ಓರೆ. ಹೆಂಡತಿ ಒಪ್ಪಿದ್ದಾಳೆ. ಎರಡನೇ ಸಬ್‌ಗೆ ದೀಪಾವಳಿ ತನಕ ಕಾಯ್ತೀನಿ.

ಶುಕ್ರವಾರ ಮೇಲಿನ ಮನೆಗೆ ಹತ್ತಿ ಹೋಗಿ ಕೂತು ಕೇಳಿದೆ. ಮೊದಲು ಬಹಳ ಕೇಳ್ತಿತ್ತು, ಹೇಳೋಕೆ ಸಂಕೋಚ ಆಗಿತ್ತು ಅಂದರು. ರಾತ್ರಿ ಒಂಬತ್ತೂವರೆ ಮೇಲೆ ಸಬ್ ಆರಿಸೋದು ಅಂತ ಮಾತಾಯ್ತು.

ನಿನ್ನೆ ಸಂಜೆ ತನಿ ಆವರ್ತನ ಹಾಕಿದ್ದೆ. ಅಮ್ಮ ಅದೇ ಹಾಲ್ ಮಧ್ಯೆ, ಅದೇ ಕುರ್ಚಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಎಷ್ಟೋ ಹೊತ್ತಾದ ಮೇಲೆ ನೋಡಿದರೆ ದಾರ ಬಾಯಲ್ಲಿ ಕಚ್ಚಿಕೊಂಡು, ಎಡಗೈಯಲ್ಲಿ ತೊಡೆಯ ಮೇಲೆ ತಾಳ ಹಾಕ್ತಿದ್ದರು.